ಗುಂಡಿಯಲ್ಲಿ ನಿಂತ ಮುಂದಾಳು

ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ನನಗೆ ನಾಚಿಕೆಯಾಗುತ್ತದೆ. ತಪ್ಪು ನನ್ನದಲ್ಲದಿದ್ದರೂ ಆಗುತ್ತದೆ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಉರಿಯುತ್ತಿರುವಾಗ ಹಿಂದಿನವನು ಪೀಂ ಎಂದರೂ ಹೆಲ್ಮೆಟ್ಟಿನೊಳಗೆ ಕಿವಿ ಬಿಸಿಯಾಗಿ, ಇಡೀ ಊರಿಗೆ ನಾನೊಬ್ಬನೇ ಅಡ್ಡ ನಿಂತಿದ್ದೇನೆ ಅನ್ನಿಸುತ್ತದೆ. ಇಂಥವನು ಕುಣಿಗಲ್ಲಿನ ಕಾಲೇಜೊಂದರಲ್ಲಿ ವ್ಯಕ್ತಿತ್ವ ಮತ್ತು ನಾಯಕತ್ವದ ಬಗ್ಗೆ ಭಾಷಣ ಮಾಡಲು ಒಪ್ಪಿಕೊಂಡಿದ್ದ ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಭಾಷಣ ಸಿದ್ಧವಾಗಿತ್ತು. ಮನುಷ್ಯರನ್ನು ಪ್ರಾಣಿಗಳಾಗಿ ವಿಂಗಡಿಸಿದ್ದೆ. ಗರ್ಜಿಸುವವರು ಹುಲಿ, ಲೆಕ್ಕ ಹಾಕಿ ನಡೆಯುವವರು ಇರುವೆ, ಎಲ್ಲರನ್ನೂ ಜೊತೆಗೆ ಕರೆದೊಯ್ಯುವವರು ಆನೆ. ಯಾವ ಸ್ವಭಾವದವರೂ ಒಳ್ಳೆಯ ನಾಯಕರಾಗಬಹುದು ಎಂಬುದು ಸಾರಾಂಶ. ನನ್ನನ್ನು ಯಾವ ಪ್ರಾಣಿಗೆ ಸೇರಿಸಬೇಕೆಂದು ತಿಳಿಯದೆ ಆ ಪ್ರಶ್ನೆಯನ್ನು ಬಿಟ್ಟುಬಿಟ್ಟಿದ್ದೆ. ನಮ್ಮ ತುಮಕೂರಿನಲ್ಲಿ 'ಲೀಡ್ರು' ಎಂಬುದು ಅರ್ಧ ಬೈಗುಳ. ಅಚ್ಚಗನ್ನಡದ 'ಮುಂದಾಳು' ವಾಸಿ. ಮುಂದಿರುವ ಆಳು, ಅಷ್ಟೇ. ಅವನು ತಾನಾಗಿ ಮುಂದೆ ಬಂದನೋ, ಯಾರಾದರೂ ತಳ್ಳಿದರೋ, ಆ ಪದ ಹೇಳುವುದಿಲ್ಲ.

ಭಾಷಣಕ್ಕೆ ಹೊರಟ ಬೆಳಿಗ್ಗೆ ಶೆಟ್ಟಿಹಳ್ಳಿಯ ರೈಲ್ವೆ ಅಂಡರ್‌ಪಾಸಿನಲ್ಲಿ ಮಳೆನೀರು ನಿಂತಿತ್ತು. ಎಷ್ಟು ನೀರು ಎಂದು ನನ್ನನ್ನು ಕೇಳಬೇಡಿ. ಈ ಕಥೆಯನ್ನು ಹೇಳಿದಂತೆಲ್ಲ ಅದು ಏರುತ್ತಾ ಬಂದಿದೆ. ಗುಬ್ಬಿಯ ನೆಂಟರ ಮನೆಯಲ್ಲಿ ಹೇಳುವಾಗ ಸೊಂಟದವರೆಗಿತ್ತು. ಹೆಂಡತಿಯ ಪ್ರಕಾರ ಪ್ಯಾಂಟಿನ ಮೇಲಿನ ಕೆಸರಿನ ಗೆರೆ ಮೊಣಕಾಲನ್ನು ಮುಟ್ಟಿರಲಿಲ್ಲ. ಒಗೆದವಳು ಅವಳು, ಅವಳ ಮಾತನ್ನೇ ನಂಬೋಣ.

ನೀರಿನಂಚಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲರಿಗಿಂತ ಮುಂದೆ ನನ್ನ ಸ್ಕೂಟರ್ ಇತ್ತು. ನಾನು ಮುಂದೆ ಬಂದದ್ದಲ್ಲ. ನನ್ನ ಮುಂದಿದ್ದವರು ಒಬ್ಬೊಬ್ಬರಾಗಿ ಗಾಡಿ ತಿರುಗಿಸಿಕೊಂಡು ಹೋಗಿದ್ದರು. ಹಿಂದಿನಿಂದ ಹಾರ್ನ್ ಬಿತ್ತು. ಇನ್ನೊಂದು ಬಿತ್ತು. ತಡೆಯಲಾರದೆ ಗಾಡಿ ಸಮೇತ ನೀರಿಗೆ ಇಳಿದೆ. ನೋಡಿದವರು ಅದನ್ನು ಧೈರ್ಯ ಎಂದುಕೊಂಡರು. ನಡುನೀರಿನಲ್ಲಿ ಮುಂದಿನ ಚಕ್ರ ಗುಂಡಿಗೆ ಬಿದ್ದು ಸ್ಕೂಟರ್ ಗೊರ್ ಎಂದು ನಿಂತುಹೋಯಿತು. ತಿರುಗಿದರೆ, ಆಟೊ ಒಂದು ನನ್ನ ಹಿಂದೆಯೇ ಇಳಿದುಬಿಟ್ಟಿದೆ. ಅದರ ಬೆನ್ನಿಗೆ ಉಳಿದವರು ಒತ್ತಿಕೊಂಡು ಬಂದಿದ್ದಾರೆ. ಹಿಂದಕ್ಕೆ ಹೋಗಲು ಜಾಗವಿಲ್ಲ.

"ಏನ್ ಸಾರ್, ನೀವ್ ಇಳಿದ್ರಲ್ಲ ಅಂತ ನಾನೂ ಇಳ್ಸ್‌ಬುಟ್ಟೆ!" ಎಂದ ಆಟೊದವನು.

ಒಳಗೆ ಹೆಂಗಸೊಬ್ಬಳು ಮುಖ ಊದಿಕೊಂಡ ಮುದುಕನನ್ನು ಹೆಗಲಿಗೆ ಒರಗಿಸಿಕೊಂಡಿದ್ದಳು. "ಹಾಗಲವಾಡಿಯಿಂದ ಬಂದು ರಾತ್ರಿ ತಂಗಿ ಮನೇಲಿ ಉಳ್ಕಂಡಿದ್ದೇ ಇದಕ್ಕೆ ಕಣಣ್ಣ. ಅಪ್ಪಂಗೆ ಡಯಾಲಿಸಿಸ್. ಟೈಮಿಗೆ ಹೋಗ್ಲಿಲ್ಲ ಅಂದ್ರೆ ಮಿಷನ್ನು ಬೇರೇರ್ಗೆ ಕೊಟ್ಬುಡ್ತಾರೆ." ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಪಕ್ಕದ ಎತ್ತರದ ಕಟ್ಟೆಯ ಮೇಲೆ ಗರಿಗರಿ ಬಿಳಿ ಅಂಗಿಯವನೊಬ್ಬ, ಒಂದು ಹನಿಯೂ ತಾಗಿಸಿಕೊಳ್ಳದೆ, ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ. ಸಾಕ್ಷಾತ್ ನನ್ನ ಭಾಷಣದ ಹುಲಿ. "ನೋಡ್ರಲಾ, ಲೀಡ್ರು ಎಮ್ಮೆ ಥರ ನಿಂತವ್ರೆ!" ಎಂದು ಕೂಗಿದ. ಜನ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಆದರೂ, ನಾನು ಪಟ್ಟಿಯಲ್ಲಿ ಬಿಟ್ಟಿದ್ದ ಪ್ರಾಣಿಯನ್ನು ಅವನು ಒಂದೇ ನೋಟಕ್ಕೆ ಕಂಡುಹಿಡಿದಿದ್ದ.

ಸ್ಕೂಟರನ್ನು ಎಳೆದು ಬಲಗಡೆಯ ಗೋಡೆಗೆ ಒರಗಿಸಿ ವಾಪಸ್ ಬಂದೆ. ಕಾಲಲ್ಲಿ ತಡಕಿ ಗುಂಡಿಯನ್ನು ಹುಡುಕಿ, ಅದರೊಳಗೇ ನಿಂತುಕೊಂಡೆ. ಇದನ್ನು ಉಪಾಯ ಎಂದು ಆಮೇಲೆ ಕುಣಿಗಲ್ಲಿನ ಹುಡುಗರಿಗೆ ಹೇಳಿದೆ. ನಿಜವಾಗಿ, ಆ ಹೆಂಗಸಿನ ಮುಖ ನೋಡಲಾಗದೆ ಎಲ್ಲಾದರೂ ಹೂತುಹೋಗಲು ಜಾಗ ಹುಡುಕುತ್ತಿದ್ದೆನೋ ಏನೋ. "ಗುಂಡಿ ಇಲ್ಲಿದೆ, ಎಡಗಡೆಯಿಂದ ಬನ್ನಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಹುಲಿಗೆ ಹೇಗೋ ಅರ್ಥವಾಯಿತು. "ಏಯ್ ಆಟೊ! ಸಾರ್ ನಿಂತಿರೋದೇ ಗುಂಡಿ ಕಣ್ಲಾ! ಎಡಕ್ಕೆ ತಗೋ, ಇನ್ನೂ ಎಡಕ್ಕೆ!" ಅವನ ಗಂಟಲಿಲ್ಲದೆ ನನ್ನ ಕಾಲು ಉಪಯೋಗಕ್ಕೆ ಬರುತ್ತಿರಲಿಲ್ಲ, ನನ್ನ ಕಾಲಿಲ್ಲದೆ ಅವನ ಗಂಟಲಿಗೆ ಎಡ ಯಾವುದು, ಬಲ ಯಾವುದು ಗೊತ್ತಿರಲಿಲ್ಲ. ಒಬ್ಬನಿಗೆ ನಾಚಿಕೆಯೇ ಇರಲಿಲ್ಲ, ಇನ್ನೊಬ್ಬನಿಗೆ ಅದನ್ನು ಬಿಟ್ಟು ಬೇರೇನೂ ಇರಲಿಲ್ಲ. ಇಬ್ಬರೂ ಸೇರಿ ಒಬ್ಬ ನಾಯಕನಾಗಿದ್ದೆವು.

ಆಟೊ ಪಕ್ಕದಲ್ಲಿ ಹಾದುಹೋಗುವಾಗ ಮುದುಕ ಕಣ್ಣು ಬಿಟ್ಟು, "ಸೀತ ಆಯ್ತದೆ, ಮ್ಯಾಕೆ ಬಾರಪ್ಪ" ಎಂದ.

ಅವನಿಗೆ ಮಿಷನ್ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಭಾಷಣದಲ್ಲಿ ಸಿಕ್ಕಿತು ಎಂದೆ. ಹುಡುಗರು ಚಪ್ಪಾಳೆ ಹೊಡೆದರು. ಒದ್ದೆ ಪ್ಯಾಂಟಿಗಿಂತ ಆ ಚಪ್ಪಾಳೆ ಹೆಚ್ಚು ಚಳಿ ಹುಟ್ಟಿಸಿತು.

ಗೊತ್ತಿರುವುದು ಇಷ್ಟೇ. ಆಟೊ ಏರು ಹತ್ತಿ ಮರೆಯಾದ ಮೇಲೆ ನಾನು ಗುಂಡಿಯಿಂದ ಒಂದು ಕಾಲು ಎತ್ತಿದೆ. "ಸಾರ್, ಸಾರ್! ಅಲ್ಲಾಡ್‌ಬೇಡಿ, ಇನ್ನೂ ನಾವಿದೀವಿ!" ಎಂದು ಇಡೀ ಸಾಲು ಕೂಗಿಕೊಂಡಿತು. ಕಾಲನ್ನು ಮತ್ತೆ ಒಳಗಿಟ್ಟೆ. ಬೈಕುಗಳು, ಹಾಲಿನ ವ್ಯಾನು, ಮಕ್ಕಳನ್ನು ತುಂಬಿಕೊಂಡ ಸ್ಕೂಲ್ ಆಟೊ, ನನ್ನನ್ನು ನಂಬಿ ಇಳಿದವರೆಲ್ಲ ಒಬ್ಬೊಬ್ಬರಾಗಿ ನನ್ನ ಮೇಲೆ ನೀರೆರಚಿ, ನನ್ನನ್ನು ದಾಟಿ, ಮುಂದೆ ಹೋದರು.