ದೊಡ್ಡಮ್ಮನ ಗಿಜಿಗಿಜಿ ಗಿಡ

ಮೊನ್ನೆ ಮಣಿಪಾಲದ ನರ್ಸರಿಯೊಂದರಲ್ಲಿ ಗಿಜಿಗಿಜಿ ಗಿಡವನ್ನು ಕುಂಡದಲ್ಲಿ ಕಂಡು ನಗು ಬಂತು. "ನೀರು ಹೆಚ್ಚು ಬೇಡ ಸಾರ್, ಚಿಟ್ಟೆ, ದುಂಬಿ ಎಲ್ಲ ಬರ್ತದೆ," ಎಂದು ನರ್ಸರಿಯಾಕೆ ಹೊಗಳಿದರು. ರಸ್ತೆಬದಿಯ ಕಾಡುಹೂವಿಗೆ ಬಂದ ಯೋಗ ನೋಡಿ! ಅಷ್ಟರಲ್ಲಿ ಒಣಗಿದ ಕಾಯಿಯೊಂದು ಅವರ ಕೈ ತಾಗಿ ಗಲ್ ಎಂದಿತು. ನನ್ನ ನಗು ಅಲ್ಲಿಗೇ ನಿಂತಿತು.

ಕುಕ್ಕುಂದೂರಿನಲ್ಲಿ ನಾನು ಬೆಳೆದ ದೊಡ್ಡಮ್ಮನ ಮನೆಯ ಅಂಗಳವೆಂದರೆ ಬರೀ ಮುರಕಲ್ಲಿನ ಕೆಂಪು ಗಟ್ಟಿ ನೆಲ. ಅಲ್ಲಿ ಬೇಸಗೆಗೂ ಬಗ್ಗದೆ ಹಳದಿ ಹೂ ಬಿಡುತ್ತಿದ್ದುದು ಇದೊಂದೇ. ಬಿತ್ತಿದವರು ದೊಡ್ಡಮ್ಮ. ಅವರ ಮಗಳು ಜಲಜ ನಡೆಯಲು ಕಲಿತ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದಳು. ಒಣಗಿದ ಕಾಯಿಯೊಳಗೆ ಬೀಜ ಅಲುಗಿದರೆ ಥೇಟ್ ಮಗುವಿನ ಕಾಲ್ಗೆಜ್ಜೆ. ಊಟ ಮುಗಿದ ಮಧ್ಯಾಹ್ನ, ಎಲೆಯೂ ಅಲುಗದ ಹೊತ್ತಿನಲ್ಲಿ, ಆ ಸದ್ದು ಬಾವಿಕಟ್ಟೆಯಿಂದ ಜಗಲಿಯವರೆಗೆ ಬರುತ್ತಿತ್ತು. ಧೈರ್ಯವಂತನಾದ ನಾನು ಆ ಸೆಖೆಯಲ್ಲೂ ಮುಸುಕೆಳೆದುಕೊಳ್ಳುತ್ತಿದ್ದೆ. "ಎಂತ ಹೆದರಿಕೆ ಮಾರಾಯ, ಆಡ್ತಾ ಉಂಟು ಅದು," ಎನ್ನುತ್ತಿದ್ದರು ದೊಡ್ಡಮ್ಮ.

ತೊಂಬತ್ತರ ದಶಕದ ಕೊನೆಗೆ ಅವರ ಮಗನಿಗೆ ನೋಡಿದ ಸಂಬಂಧಗಳೆಲ್ಲ ತಪ್ಪಿಹೋದವು. ಜಲಜ ಸತ್ತವರ ಲೋಕದಲ್ಲಿ ಬೆಳೆದು ಮದುವೆಯ ಪ್ರಾಯಕ್ಕೆ ಬಂದಿದ್ದಾಳೆ, ಮೊದಲು ಅವಳದ್ದು ಆಗಬೇಕು ಎಂದರು ಜೋಯಿಸರು. ನಮ್ಮ ಕಡೆ ಸತ್ತವರಿಗೂ ಮದುವೆ ಉಂಟು, ನಗಬೇಡಿ. ಮಟ್ಟುವಿನಲ್ಲಿ ಎಳವೆಯಲ್ಲೇ ತೀರಿಹೋದ ವರ ಸಿಕ್ಕಿದ.

"ಕೊಟ್ಟರೆ ಅವಳು ಮತ್ತೆ ಈ ಮನೆಗೆ ಬರ್ತಾಳಾ?" ಎಂದು ದೊಡ್ಡಮ್ಮ ಹಟ ಹಿಡಿದರು. ಕೊನೆಗೆ ಮಗನ ಮುಖ ನೋಡಿ ಒಪ್ಪಿದರು. ಮದುಮಗಳೆಂದು ಮಣೆಯ ಮೇಲಿಟ್ಟ ಸೀರೆಗೆ ಆ ಹಳದಿ ಹೂವಿನ ಮಾಲೆಯನ್ನು ತಾವೇ ಹಾಕಿದರು. ಊಟ ಮುಗಿಸಿ, ಗಂಡಿನ ಕಡೆಯವರು ಸೀರೆಯನ್ನು ಕರೆದುಕೊಂಡು ಹೋದರು.

ಮಾರನೆಯ ಮಧ್ಯಾಹ್ನದಿಂದ ಅಂಗಳ ನಿಶ್ಶಬ್ದ. ಕಾಯಿ ಬಿಡಿಸಿ ನೋಡಿದೆ, ಬೀಜವಿತ್ತು. ಗಿಡ ಹಿಡಿದು ಅಲುಗಿಸಿದರೆ ಗಲಗಲ ಎನ್ನುತ್ತಿತ್ತು, ಕೈಬಿಟ್ಟರೆ ಸುಮ್ಮನಾಗುತ್ತಿತ್ತು. ಜಗಲಿಯವರೆಗೆ ತಾನಾಗಿ ಬರುತ್ತಿದ್ದ ಆ ಸದ್ದು ಮಾತ್ರ ಇಲ್ಲ. ದೊಡ್ಡಮ್ಮ ಊಟ ಬಿಟ್ಟು ಬಾಗಿಲಲ್ಲಿ ಕೂತರು. ಅವರನ್ನು ಹಾಗೆ ನೋಡುವುದಕ್ಕಿಂತ ಹಳೆಯ ಹೆದರಿಕೆಯೇ ವಾಸಿಯೆನಿಸಿ ನನಗೆ ಅಳು ಬಂತು.

ಕೆಲವು ದಿನ ಕಳೆದು ಮಟ್ಟುವಿನಿಂದ ವರನ ತಾಯಿಯ ಫೋನು ಬಂತು. ಸ್ವರ ನಡುಗುತ್ತಿದ್ದುದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಅಕ್ಕಾ, ನಿಮ್ಮ ಮಗಳು ಮಧ್ಯಾಹ್ನ ಮಲಗುವುದಿಲ್ವಾ?"

ದೊಡ್ಡಮ್ಮ ಗೋಡೆಗೊರಗಿದರು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. "ಸಣ್ಣವಳಲ್ವಾ, ಬೈಬೇಡಿ. ಕತ್ತಲೆ ಅಂದರೆ ಅವಳಿಗೆ ಹೆದರಿಕೆ. ಜಗಲಿಯಲ್ಲೊಂದು ದೀಪ ಇಡಿ." ಫೋನಿಟ್ಟವರೇ ಬಡಿಸು ಎಂದು ಎಲೆಯ ಮುಂದೆ ಕೂತರು.

ನರ್ಸರಿಯ ಆ ಗಿಡ ಈಗ ನಮ್ಮ ಅಂಗಳದಲ್ಲಿದೆ. ಹೊಸ ಕಾಯಿ ಇನ್ನೂ ಹಸಿರು. ಯಾವ ಮನೆಯ ಮಗುವೋ ಏನೋ, ಬರುವುದಾದರೆ ಬರಲಿ. ಮುಸ್ಸಂಜೆಯಾಗುತ್ತಲೇ ನಾನು ಜಗಲಿಯ ದೀಪ ಹಾಕಿಬಿಡುತ್ತೇನೆ.