ಅವ್ವ ಎರಡು ಸಲ ಕೊಟ್ಟ ರಕ್ತ

ಅವ್ವನ ಕುತ್ತಿಗೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡದ್ದು ಜೂನ್ ಎರಡನೇ ವಾರ. ಸೋಮವಾರ ಕೂಕಟ್‌ಪಲ್ಲಿಯ ಲ್ಯಾಬಿನಲ್ಲಿ ರಕ್ತ ಕೊಟ್ಟೆವು, ಗುರುವಾರ ರಿಪೋರ್ಟ್ ಬಂತು. ಉಳಿದೆಲ್ಲ ಸರಿಯಿತ್ತು. ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನು ಮಾತ್ರ ಸ್ವಲ್ಪ ಹೆಚ್ಚಿತ್ತು. ಥೈರಾಯ್ಡಿನ ಒಂದು ಬಗೆಯ ಕ್ಯಾನ್ಸರ್ ಇದ್ದರೆ ಅದು ಏರುತ್ತದೆ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು. ಗಂಟಿಗೆ ಸೂಜಿ ಚುಚ್ಚಿ ನೋಡಿದಾಗ ಕ್ಯಾನ್ಸರಿನ ಸುಳಿವೇನೂ ಸಿಗಲಿಲ್ಲ. ಆದರೂ ಆ ಹಾರ್ಮೋನು ಏಕೆ ಏರಿದೆ ಎಂದು ತಿಳಿಯದೆ ಸುಮ್ಮನಿರುವಂತಿರಲಿಲ್ಲ. ಆಪರೇಷನ್ನಿನ ಮಾತು ಬಂತು.

ದಿನಾ ಯಾವುದಾದರೂ ಔಷಧಿ ಇದೆಯೇ ಎಂದು ಅವರು ಮೊದಲೇ ಕೇಳಿದ್ದರು. ಅವ್ವ ಹೆಮ್ಮೆಯಿಂದ ಇಲ್ಲ ಎಂದಿದ್ದಳು. ಈ ಸಲ ತೆಲುಗಿನಲ್ಲಿ ಬೇರೆ ಥರ ಕೇಳಿದರು: ಬೆಳಿಗ್ಗೆ ಎದ್ದು ಮೊದಲು ಏನು ಬಾಯಿಗೆ ಹಾಕಿಕೊಳ್ಳುತ್ತೀರಿ?

ಅವ್ವ ನನ್ನತ್ತ ತಿರುಗಿದಳು. "ಗ್ಯಾಸಿನ ಗುಳಿಗಿ, ಆಮ್ಯಾಲ ಚಾ. ಎಲ್ಲಾರೂ ತಗೊಳ್ಳೂದ ಅಲ್ಲೇನು? ಅದೇನ್ ಔಷಧಿನಾ?"

ನನಗೂ ಅದು ಔಷಧಿ ಎನ್ನಿಸಿರಲಿಲ್ಲ. ನಮ್ಮ ಮನೆಯಲ್ಲಿ ಅದು ಉಪ್ಪಿನ ಡಬ್ಬಿಯ ಪಕ್ಕ ಇರುತ್ತದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ದಿನಾ ನುಂಗಿದರೆ ಆ ಗುಳಿಗೆಯೂ ಈ ಹಾರ್ಮೋನನ್ನು ಏರಿಸಬಹುದಂತೆ. ಕೆಲವು ವಾರ ಅದನ್ನು ಬಿಟ್ಟು ಮತ್ತೆ ರಕ್ತ ಕೊಡಿ, ಆಮೇಲೆ ನೋಡೋಣ ಎಂದರು.

ಆ ವಾರಗಳಲ್ಲಿ ಅವ್ವನಿಗೆ ಎದೆಯುರಿ. ಕೆಂಪು ಚಟ್ನಿ ಇಲ್ಲದೆ ರೊಟ್ಟಿ ಮುರಿಯದ ಅಪ್ಪ ಸಪ್ಪೆ ಬೇಳೆಯಲ್ಲೇ ಉಂಡರು.

"ನಿಮಗ್ಯಾರು ಖಾರ ಬ್ಯಾಡ ಅಂದಾರ್ರಿ? ತಿನ್ರಿ."

"ಹ್ಯಾಂಗ ತಿನ್ನಲಿ? ನೀ ನನ್ನ ತಾಟನ್ನ ನೋಡಾಕತ್ತಿ."

ಆಗಸ್ಟಿನಲ್ಲಿ ಎರಡನೇ ರಿಪೋರ್ಟ್ ಬಂತು. ಕ್ಯಾಲ್ಸಿಟೋನಿನ್ ಇಳಿದು ಮಾಮೂಲಿ ಮಟ್ಟಕ್ಕೆ ಬಂದಿತ್ತು. ಆಪರೇಷನ್ ಬೇಕಿಲ್ಲ, ಗಂಟಿನ ಮೇಲೆ ಕಣ್ಣಿಡಲು ವರ್ಷಕ್ಕೊಂದು ಸ್ಕ್ಯಾನ್ ಸಾಕು ಎಂದರು. "ಕೊಯ್ಯೂದಿಲ್ಲಲ್ರಿ?" ಎಂದು ಅವ್ವ ಕನ್ನಡದಲ್ಲೇ ಎರಡು ಸಲ ಕೇಳಿದಳು. ಕನ್ನಡ ಬಾರದ ಡಾಕ್ಟರಮ್ಮ ಎರಡು ಸಲವೂ ನಗುತ್ತ ತಲೆಯಾಡಿಸಿದರು. ಅಂದು ಹೊರಗೆ ಅಷ್ಟು ಜನ ಕಾಯುತ್ತಿದ್ದಾಗಲೂ ಅವರು ಔಷಧಿಯ ಬಗ್ಗೆ ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದ್ದರು. ಅವರನ್ನು ನೆನೆಯದೆ ನಾನು ಆ ತಿಂಗಳುಗಳನ್ನು ನೆನೆಯಲಾರೆ.

ಮರಳುವಾಗ ಮೆಟ್ರೋದಲ್ಲಿ ಅವ್ವ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಅವಳು ಹೀಗೆ ಮಲಗಿದ್ದು ಕಂಡು ಬಹಳ ದಿನವಾಗಿತ್ತು. ನಾವು ಇಳಿಯಬೇಕಾದ ಕೂಕಟ್‌ಪಲ್ಲಿ ಬಂದರೂ ಎಬ್ಬಿಸಲು ಮನಸ್ಸಾಗಲಿಲ್ಲ. ಕೊನೆಯ ಸ್ಟೇಷನ್ನಿನವರೆಗೂ ಹೋಗಿ ತಿರುಗಿ ಬಂದೆವು.