ಬೆರಳುಗಳ ಮಾತನ್ನು ತಲುಪಿಸಿದವರು

ಚೆನ್ನಾಗಿ ನಡೆದಷ್ಟೂ ಯಾರ ಕಣ್ಣಿಗೂ ಬೀಳದ ವಿದ್ಯೆ, ವಿಡಿಯೊವನ್ನು ಕುಗ್ಗಿಸಿ ಕಳಿಸುವ ವಿದ್ಯೆ. ಅದರಲ್ಲಿ ಮೂರು ದಶಕ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಎಂಜಿನಿಯರರನ್ನು ಸಂಸ್ಥೆಯಲ್ಲಿ ಎಲ್ಲರೂ ಕರೆಯುವುದು ‘ಅಕ್ಕ’ ಎಂದೇ. ಈ ಕ್ಷೇತ್ರದಲ್ಲಿ ಅವರ ಸ್ಥಾನವೇನೆಂಬುದನ್ನು ಅವರ ಸಂಶೋಧನೆಗಳೇ ಸಾರುತ್ತವೆ. ಅವರ ಕೈಕೆಳಗೆ ಪಳಗಿದ ನಾನು ಅವರ ಒಂದು ಗೆಲುವನ್ನಷ್ಟೇ ಇಲ್ಲಿ ನೆನೆಯುತ್ತೇನೆ.

ನಾನು ಸೇರಿದ ವರ್ಷವೇ ಗರ್ಭಿಣಿಯಾದೆ. ಕೆಲಸ ಉಳಿದೀತೇ ಎಂದು ಅಳುಕುತ್ತ ವಿಷಯ ತಿಳಿಸಿದಾಗ ಅಕ್ಕ, “ಕುರ್ಚಿ ಎಲ್ಲಿಗೂ ಓಡಿಹೋಗಲ್ಲ ಕಣೇ. ಮೊದಲು ಹೊಟ್ಟೆ ತುಂಬ ಊಟ ಮಾಡು” ಎಂದರು. ರಜೆ ಮುಗಿಸಿ ಬಂದಾಗ ನೋಡಿದರೆ, ನಾನು ಅರ್ಧಕ್ಕೆ ಬಿಟ್ಟ ಕೆಲಸವನ್ನು ತಾವೇ ಮುಗಿಸಿ, ಅದರ ಶ್ರೇಯಸ್ಸನ್ನು ನನಗೇ ಉಳಿಸಿದ್ದರು.

ಆಗ ನಮ್ಮ ತಂಡ, ಕಿವಿ ಕೇಳಿಸದವರು ಕೈಸನ್ನೆಯಲ್ಲೇ ಮಾತಾಡಿಕೊಳ್ಳುವಂಥ ವಿಡಿಯೊ ಕರೆಯನ್ನು ರೂಪಿಸುತ್ತಿತ್ತು. ಅಕ್ಕನ ಅಣ್ಣನಿಗೂ ಅತ್ತಿಗೆಗೂ ಹುಟ್ಟಿನಿಂದಲೇ ಕಿವಿ ಕೇಳಿಸದು. ಮೊದಲ ಪರೀಕ್ಷೆಗೆ ಅವರಿಬ್ಬರನ್ನೇ ಕರೆಸಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದೆವು. ಗೋಡೆಯ ಬಿರುಕೂ ಎಣಿಸುವಷ್ಟು ಸ್ಪಷ್ಟವಾದ ಚಿತ್ರ, ನಾವೆಲ್ಲ ಬೀಗುತ್ತಿದ್ದೆವು. ಅಣ್ಣ ಪರದೆ ನೋಡಿ ಸನ್ನೆ ಮಾಡಿದರು.

ಅಕ್ಕ ನಮಗೆ ಹೇಳಿದರು: “ಚಿತ್ರ ತುಂಬಾ ಚೆನ್ನಾಗಿದೆಯಂತೆ. ಆದ್ರೆ ಹೆಂಡತಿಗೆ ಬೆರಳೇ ಇಲ್ವಂತೆ!”

ನಕ್ಕೆವು, ಮರುಕ್ಷಣವೇ ಮುಖ ಸಪ್ಪಗಾಯಿತು. ಅಲುಗದ ಗೋಡೆಗೆ ಡೇಟಾ ಸುರಿದು, ಸರಸರನೆ ಆಡುವ ಬೆರಳುಗಳನ್ನು ನಾವು ಕಲಸುಮೇಲೋಗರ ಮಾಡಿದ್ದೆವು. ಸಾಲದ್ದಕ್ಕೆ, ಚಿತ್ರ ಅಂದವಾಗಲೆಂದು ಪ್ರತಿ ಚಿತ್ರವನ್ನೂ ಅದರ ಮುಂದಿನ ಚಿತ್ರಗಳು ಬರುವವರೆಗೆ ತಡೆದು, ಅವುಗಳೊಡನೆ ಹೋಲಿಸಿ ಕಳಿಸುತ್ತಿದ್ದುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ತಡವಾಗಿ ಮುಟ್ಟುತ್ತಿತ್ತು. ಸ್ಪಷ್ಟತೆ, ವೇಗ, ಡೇಟಾ ಉಳಿತಾಯ: ಒಂದನ್ನು ಹಿಡಿದೆಳೆದರೆ ಇನ್ನೊಂದು ಕೈಜಾರುವ ಈ ಮೂರರಲ್ಲಿ ಯಾವುದನ್ನು ಎಲ್ಲಿ ಬಿಟ್ಟುಕೊಡಬೇಕೆಂಬುದೇ ಪ್ರಶ್ನೆಯಾಗಿತ್ತು.

ಅಕ್ಕ ಪಟ್ಟು ಹಿಡಿದು ಕುಳಿತರು. ಮುಖಕ್ಕೂ ಕೈಗಳಿಗೂ ಡೇಟಾದ ಸಿಂಹಪಾಲು, ಉಳಿದದ್ದಕ್ಕೆ ಚೂರುಪಾರು. ಮುಂದಿನ ಚಿತ್ರಕ್ಕಾಗಿ ಕಾಯುವುದು ಬಂದ್. ಸಂಪರ್ಕ ಸೊರಗಿದರೆ ಚಿತ್ರ ಮಸುಕಾದರೂ ಆದೀತು, ಚಲನೆ ಮಾತ್ರ ಮುಗ್ಗರಿಸಬಾರದು. ಇದನ್ನು ನೋಡಿದ ನಮ್ಮ ಸಂಸ್ಥೆಯ ಮುಖ್ಯಸ್ಥರು ಹೌಹಾರಿದರು.

“ಏನಮ್ಮಾ ಇದು, ಗೋಡೆಯೆಲ್ಲ ಮಸುಕು ಮಸುಕು! ಇದನ್ನ ಯಾರಿಗೆ ತೋರಿಸೋದು?”

“ಗೋಡೆ ಜೊತೆ ಯಾರೂ ಮಾತಾಡಲ್ಲ ಸರ್.”

“ಮುಂದಿನ ಪರೀಕ್ಷೇನೂ ಕೆಟ್ಟುಹೋದ್ರೆ ಯೋಜನೆ ಮುಚ್ಚಿಬಿಡ್ತೀನಿ.”

“ಮುಚ್ಚಿ ಸರ್. ನಾನೂ ರಾಜೀನಾಮೆ ಕೊಡ್ತೀನಿ.”

ಎರಡನೆಯ ಪರೀಕ್ಷೆಯ ದಿನ ಅಣ್ಣ, ಅತ್ತಿಗೆ ಮತ್ತೆ ಎದುರುಬದುರು ಕೋಣೆಗಳಲ್ಲಿ ಕುಳಿತರು. ಬೇಕೆಂದೇ ಸಂಪರ್ಕವನ್ನು ಸಣಕಲು ಮಾಡಿಟ್ಟಿದ್ದೆವು. ಮನೆಗೆ ಯಾವ ಬಣ್ಣ ಬಳಿಸುವುದೆಂಬ ಮಾತು ಮೆಲ್ಲಗೆ ಶುರುವಾಯಿತು. ಅಣ್ಣನ ಸನ್ನೆ ಮುಗಿಯುವ ಮೊದಲೇ ಅತ್ತಿಗೆಯ ಕೈ ಎದ್ದಿತು. ಅವರದು ಮುಗಿಯುವ ಮೊದಲೇ ಅಣ್ಣನದು. ಹುಬ್ಬು ಗಂಟಿಕ್ಕಿತು, ಬೆರಳುಗಳು ಚಕಚಕನೆ ಹಾರಾಡಿದವು.

ಮುಖ್ಯಸ್ಥರು ಗಾಬರಿಯಾಗಿ, “ಏನಾಯ್ತು, ಮತ್ತೆ ಕೆಟ್ಟುಹೋಯ್ತಾ?” ಎಂದರು.

“ಇಲ್ಲ ಸರ್, ಜಗಳ ಆಡ್ತಿದಾರೆ! ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಾಯಿ ಹಾಕ್ತಿದಾರೆ!” ಎನ್ನುತ್ತ ಅಕ್ಕ ಕಣ್ಣೊರೆಸಿಕೊಂಡರು. ತಡವಿಲ್ಲದಿದ್ದರೆ ತಾನೇ ಅಡ್ಡ ಬಾಯಿ ಹಾಕಲು ಸಾಧ್ಯ! ಅರ್ಥವಾದೊಡನೆ ಕೋಣೆಗೆ ಕೋಣೆಯೇ ಚಪ್ಪಾಳೆ ತಟ್ಟಿತು. ಮೊದಲು ಎದ್ದುನಿಂತವರು ಮುಖ್ಯಸ್ಥರೇ. ಬಣ್ಣದ ವಿಷಯದಲ್ಲಿ ಗೆದ್ದವರು ಅತ್ತಿಗೆ.

ಆ ಕರೆ ಇಂದು ಸಾವಿರಾರು ಮನೆಗಳಲ್ಲಿ ನಡೆಯುತ್ತಿದೆ. ನಿವೃತ್ತಿಯ ನಂತರ ಏನು ಮಾಡುವಿರೆಂದು ಮೊನ್ನೆ ಕೇಳಿದೆ. “ಇಬ್ಬರದು ಆಯ್ತಲ್ಲ. ಇನ್ನು ಮನೆಮಂದಿಯೆಲ್ಲ ಒಂದೇ ಪರದೇಲಿ ಕೂತು ಹರಟೋ ಹಾಗೆ ಮಾಡ್ಬೇಕು. ನೀನೂ ಬರ್ತೀ ತಾನೇ?” ಎಂದರು. ಬರುತ್ತೇನೆ, ಅಕ್ಕ. ತಮ್ಮ ಆಯುಷ್ಯ ದೀರ್ಘವಾಗಲಿ, ಕಣ್ಣಿನ ಚುರುಕು ಮಾಸದಿರಲಿ. ತಮ್ಮ ಹೊಸ ಕೆಲಸದ ಮೊದಲ ಪರೀಕ್ಷೆಗೆ ನಮ್ಮ ಮನೆಮಂದಿಯೆಲ್ಲ ಹಾಜರು.